ಬಂದೂಕಿಗಿಂತ ದುರ್ಬೀನೇ ಅಪರೂಪ

ಪ್ರಶ್ನೆ: ಎರಡನೇ ಮಹಾಯುದ್ಧದ ಜರ್ಮನ್ ರೈಫಲ್ ಸಂಗ್ರಾಹಕರು ಅದರ ದುರ್ಬೀನಿಗಾಗಿ ಅಷ್ಟು ಪರದಾಡುವುದೇಕೆ?

ಉತ್ತರ: ವಾಲ್ಟರ್ ಕಂಪನಿ ರೂಪಿಸಿದ ಗೆವೆರ್ 43 ರೈಫಲನ್ನೇ ನೋಡಿ. ಸುಮಾರು 4 ಲಕ್ಷ ತಯಾರಾದವು. ಬಹುತೇಕ ಎಲ್ಲದರ ಬಲಬದಿಯಲ್ಲೂ ದುರ್ಬೀನು ಕೂರಿಸುವ ಹಳಿ ಇತ್ತು. ಆದರೆ ಗುರಿಯನ್ನು 4 ಪಟ್ಟು ಹಿಗ್ಗಿಸಿ ತೋರಿಸುವ ‘ಜೆಡ್‌ಎಫ್ 4’ ಸಿಕ್ಕಿದ್ದು ಕೆಲವಕ್ಕೆ ಮಾತ್ರ. ಸನ್ನೆ ತಿರುಗಿಸಿದರೆ ಕಳಚಿಬರುವ ಈ ದುರ್ಬೀನು ಬಂದೂಕಿನಿಂದ ಸುಲಭವಾಗಿ ಬೇರೆಯಾಗುತ್ತದೆ. ಹಾಗೆಯೇ, ಹಳಿ ಇರುವ ಯಾವ ಬಂದೂಕಿಗಾದರೂ ಇಂದು ಅದನ್ನು ಕೂಡಿಸಬಹುದು. ಜೋಡಿಯಾಗಿ ಕಂಡದ್ದೆಲ್ಲ ಯುದ್ಧಕಾಲದ ಜೋಡಿಯಲ್ಲ, ದಯವಿಟ್ಟು ಮೋಸಹೋಗಬೇಡಿ! ನಾನಾದರೆ ಮೊದಲು ದುರ್ಬೀನಿನ ಮೇಲಿನ ತಯಾರಕರ ಸಂಕೇತ ಓದುತ್ತೇನೆ: ‘ಡಿಡಿಎಕ್ಸ್’ ಎಂದಿದ್ದರೆ ಅದು ಫೋಕ್ಟ್‌ಲೆಂಡರ್ ಕಾರ್ಖಾನೆಯದು. ಮಸೂರದ ಮುಚ್ಚಳ, ಒಯ್ಯುವ ಪೆಟ್ಟಿಗೆ ಮೂಲದವೇ ಉಳಿದಿದ್ದರೆ ಭಾಗ್ಯ. ಗೀರು ಬಿದ್ದಿದ್ದರೂ ಉಜ್ಜಿ ಹೊಳಪು ಕೊಡಬೇಡಿ.