ಕಾಂಕ್ರೀಟಿನ ಬಾಣಂತನ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದ ಕಾಲ. ಸುಡುಬಿಸಿಲಿನ ದಿನಗಳು. ತಾರಸಿಗೂ ತೊಲೆಗಳಿಗೂ ಕಾಂಕ್ರೀಟು ಹಾಕಿ ಎಂಟು ದಿನ ಕಳೆದಿತ್ತು. ನಾನು ಅಲ್ಲಿಗೆ ಹೋದಾಗ ಮೇಸ್ತ್ರಿಯು ನಡುಮನೆಯ ತೊಲೆಯ ಕೆಳಗಿನ ಗಳುಗಳನ್ನು ಬಿಚ್ಚಿಸಲು ಆಳುಗಳನ್ನು ಕರೆದುಕೊಂಡು ಸಿದ್ಧನಾಗಿ ನಿಂತಿದ್ದ. ಇಷ್ಟು ಅವಸರವೇಕೆ ಎಂದು ಕೇಳಿದೆ. "ಒಣಗಿ ಕಲ್ಲಾಗಿದೆ ಸ್ವಾಮಿ, ಇನ್ನು ಸೆಂಟ್ರಿಂಗ್ ಇಟ್ಟುಕೊಂಡು ಸುಮ್ಮನೆ ಬಾಡಿಗೆ ಯಾಕೆ ಕಟ್ಟೋದು?" ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ 'ಒಣಗಿ' ಎಂದನಲ್ಲ, ಆ ಒಂದು ಪದದಲ್ಲಿಯೇ ನಮ್ಮ ನಾಡಿನ ಎಷ್ಟೋ ಮನೆಗಳ ಸೋರುವಿಕೆಯ ಕಥೆ ಅಡಗಿದೆ.

ಕಾಂಕ್ರೀಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದವರು ಆಲೆಮರವನ್ನು ತಂದು ಚೆನ್ನಾಗಿ ಒಣಗಿಸಿದ ಮೇಲೆಯೇ ಅದನ್ನು ತಿರುಗಣಿಗೆ ಕೊಡುತ್ತಾರೆ. ಮರ ಒಣಗಿದಷ್ಟೂ ಗೊಂಬೆಗೆ ಬಾಳಿಕೆ. ಕಾಂಕ್ರೀಟಿನ ಧರ್ಮ ಇದಕ್ಕೆ ನೇರ ವಿರುದ್ಧವಾದುದು. ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಹೊಸ ಹರಳುಗಳಾಗಿ, ಅಂಟಾಗಿ ಬೆಳೆದು ಜಲ್ಲಿ ಮರಳುಗಳನ್ನು ಬಿಗಿಯುತ್ತವೆ. ಒಳಗಿನ ತೇವಾಂಶ ಶೇಕಡಾ 80ಕ್ಕಿಂತ ಕೆಳಗಿಳಿದರೆ ಈ ಬೆಳವಣಿಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಕಲ್ಲಿನಂತೆ ಕಂಡೀತು. ಒಳಗೆ ಮಾತ್ರ ಅರೆಬೆಂದ ಅನ್ನದಂತೆ ಉಳಿದಿರುತ್ತದೆ.

ಈ ಕೂಡಿಕೆಯಲ್ಲಿ ನೀರಿನಷ್ಟೇ ಮುಖ್ಯವಾದ ಇನ್ನೊಂದು ಅಂಶ ಶಾಖ. ಸಿಮೆಂಟು ನೀರಿನೊಡನೆ ಬೆರೆತಾಗ ತಾನೇ ಬಿಸಿಯಾಗುತ್ತದೆ. 50 ಕಿಲೋ ತೂಕದ ಒಂದು ಮೂಟೆ ಸಾಮಾನ್ಯ ಸಿಮೆಂಟು ಮೊದಲ ವಾರದಲ್ಲಿ ಹೊರಬಿಡುವ ಶಾಖವನ್ನೆಲ್ಲ ಒಂದೆಡೆ ಹಿಡಿದಿಡಲು ಸಾಧ್ಯವಾದರೆ, ಸುಮಾರು 40 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ನಮ್ಮ ಹಳ್ಳಿಯ ಬಚ್ಚಲುಮನೆಯ ಒಂದು ಹಂಡೆ ನೀರು ಎಂದುಕೊಳ್ಳಿ. ಬೆಚ್ಚಗಿದ್ದರೆ ಕಾಂಕ್ರೀಟು ಬೇಗ ಬಲಿಯುತ್ತದೆ, ತಣ್ಣಗಾದರೆ ನಿಧಾನವಾಗುತ್ತದೆ. ಲಡಾಖಿನಂತಹ ಕಡೆ ಹಸಿ ಕಾಂಕ್ರೀಟಿನೊಳಗಿನ ನೀರೇ ಹೆಪ್ಪುಗಟ್ಟುವುದುಂಟು. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಎಳೆಯ ಕಾಂಕ್ರೀಟು ಒಳಗಿನಿಂದಲೇ ಒಡೆದುಹೋಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಸೆಂಟ್ರಿಂಗ್ ಎಂದು ನಾವು ಕರೆಯುವ ಅಚ್ಚಿನ ನಿಜವಾದ ಬೆಲೆ ಗೊತ್ತಾಗುತ್ತದೆ. ಅದು ಆಕಾರ ಕೊಡುತ್ತದೆ, ಭಾರ ಹೊರುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅಚ್ಚು ಒಂದು ಹೊದಿಕೆಯೂ ಹೌದು. ಅದು ಮೈಗಂಟಿಕೊಂಡಿರುವಷ್ಟು ಕಾಲ ಒಳಗಿನ ನೀರು ಆ ಪಕ್ಕದಿಂದ ಆರಿಹೋಗದು. ಹಿಂದೆ ಹಲಗೆಗಳಿಂದ ಅಚ್ಚು ಮಾಡುತ್ತಿದ್ದಾಗ ಶಾಖವೂ ತಕ್ಕಮಟ್ಟಿಗೆ ಒಳಗೇ ಉಳಿಯುತ್ತಿತ್ತು. ಈಗ ಉಕ್ಕಿನ ತಗಡುಗಳು ಬಂದಿವೆ. ಅವು ಬಾಳಿಕೆ ಬರುತ್ತವೆ, ಮೈ ನುಣುಪಾಗಿ ಬರುತ್ತದೆ, ನಿಜ. ಆದರೆ ಉಕ್ಕು ಮರಕ್ಕಿಂತ ಕೆಲವು ನೂರು ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಹಗಲಿನ ಬಿಸಿಲು, ರಾತ್ರಿಯ ತಂಪು ಎರಡೂ ತಗಡಿನ ಮೂಲಕ ಎಳೆಯ ಕಾಂಕ್ರೀಟಿಗೆ ತಟ್ಟುತ್ತವೆ.

ಚಳಿದೇಶಗಳ ಇಂಜಿನಿಯರುಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಚ್ಚಿನ ಹಲಗೆಯ ಹಿಂಬದಿಗೆ ಥರ್ಮೋಕೋಲಿನಂತಹ ಹಗುರ ಪದಾರ್ಥದ ದಪ್ಪ ಪದರವನ್ನು ಜೋಡಿಸುತ್ತಾರೆ. ಅದರ ಮೂಲಕ ಹಾಯುವ ಶಾಖ, ಅಷ್ಟೇ ದಪ್ಪದ ಮರದ ಮೂಲಕ ಹಾಯುವುದರಲ್ಲಿ ಮೂರರಲ್ಲೊಂದು ಪಾಲೂ ಇಲ್ಲ. ಮೇಲ್ಭಾಗವನ್ನು ಅಂತಹುದೇ ಕಂಬಳಿಯಿಂದ ಮುಚ್ಚುತ್ತಾರೆ. ಹೊರಗಿನಿಂದ ಬೆಂಕಿ ಹಾಕಬೇಕಾದ್ದಿಲ್ಲ. ಸಿಮೆಂಟು ತನ್ನ ಶಾಖದಲ್ಲಿ ತಾನೇ ಬೇಯುತ್ತದೆ. ಕಾಂಕ್ರೀಟು ಬಲಿತ ಮೇಲೆ ಅಚ್ಚನ್ನು ಬಿಚ್ಚಿ ಮುಂದಿನ ಗೋಡೆಗೆ ಒಯ್ಯುತ್ತಾರೆ.

ಆದರೆ ಹೊದಿಸಿದ್ದೆಲ್ಲ ಹಿತವೆಂದು ತಿಳಿಯಬಾರದು. ಸೇತುವೆಯ ಕಂಬ, ದೊಡ್ಡ ಯಂತ್ರದ ಅಡಿಪಾಯ ಮುಂತಾದ ದಪ್ಪ ಕಾಮಗಾರಿಗಳಲ್ಲಿ ಘನಮೀಟರಿಗೆ ಪ್ರತಿ 100 ಕಿಲೋ ಸಿಮೆಂಟಿಗೂ ಒಳಗಿನ ಉಷ್ಣತೆ 10ರಿಂದ 12 ಡಿಗ್ರಿಯಷ್ಟು ಏರಬಲ್ಲದು. 70 ಡಿಗ್ರಿ ದಾಟಿದರೆ ಮುಂದೆ ವರ್ಷಗಳ ತರುವಾಯ ಬಿರುಕು ಬಿಡುವ ಭಯವಿದೆ. ಆದ್ದರಿಂದ ಅಲ್ಲಿ ಮಂಜುಗಡ್ಡೆ ಬೆರೆಸಿ ಮೊದಲೇ ತಂಪಾದ ಕಾಂಕ್ರೀಟನ್ನು ಸುರಿಯುವುದುಂಟು. ಅಮೆರಿಕದ ಹೂವರ್ ಅಣೆಕಟ್ಟನ್ನು 1930ರ ದಶಕದಲ್ಲಿ ಕಟ್ಟುವಾಗ ಒಳಗೆ ಕೊಳವೆಗಳನ್ನು ಹೂತು ತಣ್ಣೀರು ಹರಿಸಿ ಶಾಖವನ್ನು ಹೊರತೆಗೆದರು. ಒಡಲಿಗೂ ಮೈಗೂ ನಡುವೆ ಸುಮಾರು 20 ಡಿಗ್ರಿಗಿಂತ ಹೆಚ್ಚಿನ ಅಂತರ ಬೀಳದಂತೆ ನೋಡಿಕೊಳ್ಳುವುದು ರೂಢಿ. ಹೊದಿಕೆಯು ಮೈಯನ್ನೂ ಬೆಚ್ಚಗಿಟ್ಟು ಈ ಅಂತರವನ್ನು ತಗ್ಗಿಸುತ್ತದೆ. ಆದರೆ ಒಳಗೆ ಇನ್ನೂ ಬಿಸಿಯಿರುವಾಗ ಅದನ್ನು ಒಮ್ಮೆಲೇ ಕಿತ್ತರೆ ತಣ್ಣನೆಯ ಗಾಳಿ ತಾಕಿ ಮೈ ಬಿರಿಯುತ್ತದೆ. ಹೊದಿಸುವುದೊಂದು ವಿದ್ಯೆಯಾದರೆ, ಹದವರಿತು ತೆಗೆಯುವುದು ಇನ್ನೊಂದು ವಿದ್ಯೆ.

ಬೈರಾಪಟ್ಟಣದಲ್ಲಿ ಹಿಮ ಬೀಳುವುದಿಲ್ಲ. ಐದು ಅಂಗುಲದ ತಾರಸಿ ತನ್ನ ಶಾಖದಿಂದ ಕೆಡುವಷ್ಟು ದಪ್ಪದ್ದೂ ಅಲ್ಲ. ಹಾಗಾದರೆ ನಮಗೆ ಈ ವಿಚಾರವೇಕೆ ಎಂದು ಕೇಳಬಹುದು. ನಮ್ಮ ಶತ್ರು ಚಳಿಯಲ್ಲ, ಒಣಗಾಳಿ. ಅಲ್ಲಿ ಶಾಖವನ್ನು ಕಾಯುವಂತೆ ಇಲ್ಲಿ ತೇವವನ್ನು ಕಾಯಬೇಕು. ಈ ಸೀಮೆಯ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾದ್ದಿಲ್ಲ ಎಂಬುದು ನನಗೆ ಹೊಳೆದದ್ದು ತಮ್ಮನ ಹೆಂಡತಿಯ ರೇಷ್ಮೆಹುಳುವಿನ ಮನೆಯಲ್ಲಿ. ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಶಾಖ, ಶೇಕಡಾ 80ರಿಂದ 90ರಷ್ಟು ತೇವ ಇರಬೇಕು. ಆಕೆ ತಟ್ಟೆಯ ಮೇಲೆ ಮೇಣದ ಕಾಗದ ಮುಚ್ಚಿ, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿಗಳನ್ನಿಟ್ಟಿದ್ದಳು. "ಎಳೇವು ಭಾವ, ಗಾಳಿ ಬಿಸಿಲು ಸೋಕಬಾರದು" ಎಂದಳು. ಗೋಡೆಯ ಆಚೆ ಬದಿಯಲ್ಲಿ, ಹಿಂದಿನ ದಿನವಷ್ಟೇ ತಗಡು ಕಿತ್ತ ಜಗಲಿಯ ಕಂಬವೊಂದು ಬರಿಮೈಯಲ್ಲಿ ಬಿಸಿಲು ಕಾಯುತ್ತ ನಿಂತಿತ್ತು!

ಲೆಕ್ಕ ಕಷ್ಟದ್ದಲ್ಲ. ಭಾರತೀಯ ಮಾನಕಗಳ 456ನೆಯ ಸಂಹಿತೆ, 2000ದ ಪರಿಷ್ಕರಣದಲ್ಲಿ, ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಅವಧಿಗಳನ್ನು ಹೇಳಿದೆ. ಕಂಬ ಗೋಡೆಗಳ ಪಕ್ಕದ ಅಚ್ಚಿಗೆ 16ರಿಂದ 24 ಗಂಟೆ. ತಾರಸಿಯ ಕೆಳಗಿನ ಆಸರೆಗೆ, ಹರವು 4.5 ಮೀಟರಿನೊಳಗಿದ್ದರೆ 7 ದಿನ, ಮೀರಿದರೆ 14 ದಿನ. ತೊಲೆಯ ಆಸರೆಗೆ, 6 ಮೀಟರಿನೊಳಗೆ 14 ದಿನ, ಮೀರಿದರೆ 21 ದಿನ. ನೀರುಣಿಸುವುದು ಕನಿಷ್ಠ 7 ದಿನ. ಬೂದಿ ಮುಂತಾದುವು ಬೆರೆತ ಸಿಮೆಂಟಾದರೆ 10 ದಿನ, ಒಣ ಬಿಸಿಲಿನ ಕಾಲದಲ್ಲಿ 14 ದಿನ. ಬೆರಕೆಯ ಸಿಮೆಂಟು ನಿಧಾನವಾಗಿ ಬಲಿಯುವುದರಿಂದ ಆಸರೆಗೂ ಕಾಲ ಹೆಚ್ಚು ಬೇಕಾಗುತ್ತದೆ. ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ನಮ್ಮ ಪದ್ಧತಿ ಒಳ್ಳೆಯದೇ. ಕಡೆಗಾಣಿಸುವುದು ಕಂಬಗಳನ್ನು. ಅವುಗಳಿಗೆ ಒದ್ದೆ ಗೋಣಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಬಿಗಿದರೆ ಕೊಡ ನೀರಿನಲ್ಲಿ ಮುಗಿಯುವ ಕೆಲಸ. ನೀರಿಗೆ ಬರವಿರುವ ಊರಿನಲ್ಲಿ ಅದು ಸಣ್ಣ ಉಳಿತಾಯವಲ್ಲ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾದಾಗ ಕಲ್ಲುಗಳನ್ನು ಬೆಸೆದದ್ದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಅದು ನಿಧಾನವಾಗಿ ಬಲಿಯುವ ಗಾರೆ. ಕಟ್ಟುವವರಿಗೆ ತಾಳ್ಮೆಯನ್ನು ಅದೇ ಕಲಿಸುತ್ತಿತ್ತು. ಸಿಮೆಂಟು ಒಂದೇ ರಾತ್ರಿಯಲ್ಲಿ ಗಟ್ಟಿಯಾಗಿ ತೋರಿ ನಮ್ಮ ತಾಳ್ಮೆಯನ್ನು ಕಸಿದುಕೊಂಡಿತು.

ಆ ದಿನ ಮೇಸ್ತ್ರಿಯೊಡನೆ ನಾನು ವಾದಿಸಲಿಲ್ಲ. ನನ್ನ ಸ್ವಂತ ಮನೆಯ ಕಥೆಯನ್ನು ಹೇಳಿದೆ. ಅಲ್ಲಿಯೂ ಬಾಡಿಗೆ ಉಳಿಸಲೆಂದು ಆರನೆಯ ದಿನವೇ ಆಸರೆ ತೆಗೆಸಲು ಒಪ್ಪಿದವನು ನಾನೇ. ತಾರಸಿ ನಡುವೆ ಜಗ್ಗಿತು; ಕೂದಲೆಳೆಯಂತಹ ಬಿರುಕಿನಿಂದ ಇಳಿಯುವ ಹನಿಗೆ ಪ್ರತಿ ಮಳೆಗಾಲದಲ್ಲಿಯೂ ಕೋಣೆಯ ಮೂಲೆಯಲ್ಲಿ ಒಂದು ಪಾತ್ರೆ ಇಡುತ್ತೇವೆ. ಅವನು ತುಸು ಹೊತ್ತು ಸುಮ್ಮನಿದ್ದು, "ಮುಂದಿನ ಮನೆಯವರು ತಗಡಿಗೆ ಕಾದವ್ರೆ ಸ್ವಾಮಿ" ಎಂದ. ಅವನ ಕಷ್ಟವೂ ಸುಳ್ಳಲ್ಲ. ತಮ್ಮ ಇನ್ನೂ ಎರಡು ವಾರದ ಬಾಡಿಗೆಯನ್ನು ಅವನ ಕೈಗಿಟ್ಟ. ಗಳುಗಳು ನಿಂತಲ್ಲೇ ನಿಂತವು. ಸಂಜೆಯ ವೇಳೆಗೆ ಜಗಲಿಯ ಕಂಬಕ್ಕೆ ಒದ್ದೆ ಗೋಣಿಯ ಹೊದಿಕೆ ಬಂತು.