ಟ್ರಾಯ್ ಕುರ್ಚಿಗೆ ಇಂಟರ್‌ವ್ಯೂ ಯಾರು ಮಾಡ್ತಾರೆ?

2019ರ ಫೆಬ್ರುವರಿ. ಧಾರವಾಡದಿಂದ ಅವ್ವ ವಾಕಡದ ನಮ್ಮ ಮನೆಗೆ ಬಂದು ನಾಲ್ಕು ದಿನ ಆಗಿತ್ತು. ಸಂಜೆ ಟಿವಿ ಹಚ್ಚಿದರೆ ಅವಳ ಧಾರಾವಾಹಿ ಮಾಯ. ಈ ಚಾನೆಲ್‌ಗೆ ನೀವು ದುಡ್ಡು ಕಟ್ಟಿಲ್ಲ ಅಂತ ಪರದೆ ಮೇಲೆ ಒಂದು ಸಾಲು. ಆ ತಿಂಗಳಿಂದ ಹೊಸ ನಿಯಮ: ಮೊದಲ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಬೇರೆ. ಅದರ ಮೇಲೆ ದುಡ್ಡಿನ ಚಾನೆಲ್‌ಗಳನ್ನು ನಾವೇ ಆರಿಸಿಕೊಳ್ಳಬೇಕು. ನಾನು ಆರಿಸಿರಲಿಲ್ಲ. ಪುಣೆ ವಿಳಾಸ ನೋಡಿ ಡಿಟಿಎಚ್‌ನವರು ಮರಾಠಿ-ಹಿಂದಿ ಪ್ಯಾಕ್ ಹಾಕಿ ಕೂತಿದ್ದರು.

"ಇದನ್ನ ಯಾರು ಮಾಡ್ಯಾರೋ?" ಅಂದಳು ಅವ್ವ.

"ಟ್ರಾಯ್ ಅಂತ ಅದ ಅವ್ವ, ದಿಲ್ಲ್ಯಾಗ."

"ಅವರನ್ನ ಯಾರು ಆರಿಸ್ಯಾರ? ನಾವೇನು ಓಟು ಹಾಕೇವೇನು?"

ಚಾನೆಲ್ ಅರ್ಧ ಗಂಟೆಯಲ್ಲಿ ಸರಿಹೋಯಿತು. ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಊರು ಬಿಟ್ಟು ಬಂದ ನಮ್ಮಂಥವರ ಬದುಕಿನಲ್ಲಿ ಈ ಟ್ರಾಯ್ ಎಷ್ಟು ಒಳಗೆ ಬಂದಿದೆ ನೋಡಿ. ನಾನು ಪುಣೆಗೆ ಬಂದ ಹೊಸದರಲ್ಲಿ ಕರ್ನಾಟಕದ ಸಿಮ್ ಇಟ್ಟುಕೊಂಡರೆ ಊರಿಂದ ಬರುವ ಕರೆಗೂ ರೋಮಿಂಗ್ ದುಡ್ಡು. ಹಾಗಾಗಿ ಕಿಸೆಯಲ್ಲಿ ಎರಡು ಫೋನು. ಹಳೆ ನಂಬರನ್ನೇ ಮಹಾರಾಷ್ಟ್ರ ಸರ್ಕಲ್‌ಗೆ ತರಲು ಆದದ್ದು 2015ರ ಜುಲೈ 3ರ ನಂತರ. ಅದೇ ವರ್ಷ ನೆಟ್ ನ್ಯೂಟ್ರಾಲಿಟಿ ಗಲಾಟೆ. ಟ್ರಾಯ್‌ಗೆ ಹೋದ ಹತ್ತು ಲಕ್ಷಕ್ಕೂ ಹೆಚ್ಚು ಈಮೇಲ್‌ಗಳಲ್ಲಿ ಹಿಂಜೆವಾಡಿಯ ಕ್ಯಾಂಟೀನಿನಲ್ಲಿ ಕೂತು ಕಳಿಸಿದ ನನ್ನದೂ ಒಂದು. 2016ರ ಫೆಬ್ರುವರಿ 8ರಂದು, ಅಧ್ಯಕ್ಷ ಆರ್.ಎಸ್. ಶರ್ಮಾ ಇದ್ದಾಗ, ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕುವಂತಿಲ್ಲ ಎಂಬ ಆದೇಶ ಬಂತು. ಆ ಕುರ್ಚಿಯಲ್ಲಿ ಬೇರೆ ಸ್ವಭಾವದವರು ಇದ್ದಿದ್ದರೆ ಅದು ಹಾಗೇ ಆಗುತ್ತಿತ್ತು ಅಂತ ಹೇಳಲಾಗದು.

ಇನ್ನು ಅವ್ವನ ಪ್ರಶ್ನೆಗೆ ಉತ್ತರ. 1997ರ ಟ್ರಾಯ್ ಕಾಯ್ದೆಯ ಪ್ರಕಾರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ. ಹೆಚ್ಚೆಂದರೆ ಮೂರು ವರ್ಷ ಅಥವಾ 65 ವಯಸ್ಸಿನ ತನಕ. ಸಂಪುಟದ ನೇಮಕಾತಿ ಸಮಿತಿ ಒಪ್ಪಿದರೆ ಮುಗಿಯಿತು. ಸಂಸತ್ತಿಗೆ ಪಾತ್ರವಿಲ್ಲ. ದೂರಸಂಪರ್ಕ ಮತ್ತು ಐಟಿಗೆಂದೇ 31 ಸಂಸದರ ಸ್ಥಾಯಿ ಸಮಿತಿ ಇದೆ, ಲೋಕಸಭೆಯ 21, ರಾಜ್ಯಸಭೆಯ 10. ಅದು ಇಲಾಖೆಯ ಬಜೆಟ್ ನೋಡುತ್ತದೆ, ಅಧಿಕಾರಿಗಳನ್ನು ಕರೆದು ಕೇಳುತ್ತದೆ, ಅದೂ ಮುಚ್ಚಿದ ಬಾಗಿಲ ಹಿಂದೆ. ಅಧ್ಯಕ್ಷರಾಗಲಿರುವವರನ್ನು ಕರೆಯುವ ಅಧಿಕಾರ ಅದಕ್ಕಿಲ್ಲ. ನಮ್ಮಲ್ಲಿ ಮೂರು ವರ್ಷ ಅನುಭವದ ಡೆವಲಪರ್‌ಗೂ ನಾಲ್ಕು ರೌಂಡ್ ಇಂಟರ್‌ವ್ಯೂ ಇರುತ್ತದೆ, ಮೇಲೆ ಎಚ್‌ಆರ್ ರೌಂಡ್ ಬೇರೆ!

ಹಾಗಂತ ಬಂದವರು ಅಸಮರ್ಥರು ಅಂತ ಅಲ್ಲ. ಪಿ.ಡಿ. ವಘೇಲಾ ಔಷಧ ಇಲಾಖೆಯ ಕಾರ್ಯದರ್ಶಿ ಆಗಿದ್ದವರು, ಅನಿಲ್ ಕುಮಾರ್ ಲಾಹೋಟಿ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದವರು. ದೊಡ್ಡ ವ್ಯವಸ್ಥೆ ನಡೆಸಿದ ಅನುಭವ ಇದ್ದೇ ಇರುತ್ತದೆ. ಆದರೆ ಸ್ಪೆಕ್ಟ್ರಮ್ ಬಗ್ಗೆ, ಗ್ರಾಹಕರ ಬಗ್ಗೆ ಅವರ ಆಲೋಚನೆ ಏನು ಅಂತ ನಮಗೆ ಗೊತ್ತಾಗುವುದು ಆದೇಶ ಬಂದ ಮೇಲೆಯೇ.

ಕರ್ನಾಟಕದಲ್ಲೇ ಬೇರೆ ಪದ್ಧತಿ ಇದೆ. ನಮ್ಮ ಲೋಕಾಯುಕ್ತ ಕಾಯ್ದೆಯಂತೆ ಮುಖ್ಯಮಂತ್ರಿ ಹೆಸರು ಸೂಚಿಸುವ ಮುನ್ನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಅಧ್ಯಕ್ಷರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರನ್ನು ಕೇಳಬೇಕು. ಇದು ಬರೀ ಶಾಸ್ತ್ರ ಅಂದುಕೊಂಡವರಿಗೆ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಾಠ ಹೇಳಿತು. ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ಮಾಡಿದ್ದ ಉಪಲೋಕಾಯುಕ್ತ ನ್ಯಾಯಮೂರ್ತಿ ಚಂದ್ರಶೇಖರಯ್ಯ ಅವರ ನೇಮಕ ನಿಲ್ಲಲಿಲ್ಲ.

ಬ್ರಿಟನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಅಧ್ಯಕ್ಷರಾಗಿ 2022ರಲ್ಲಿ ಸರ್ಕಾರ ಮೈಕಲ್ ಗ್ರೇಡ್ ಅವರನ್ನು ಆರಿಸಿದಾಗ ಸಂಸದರ ಸಮಿತಿ ಅವರನ್ನು ಎಲ್ಲರೆದುರು ಕೂರಿಸಿ ಪ್ರಶ್ನಿಸಿತು. ವಯಸ್ಸು 79, ಟಿವಿ ಲೋಕದ ಹಳೆ ಹುಲಿ, ಸೋಷಿಯಲ್ ಮೀಡಿಯಾದ ಅನುಭವ ಮಾತ್ರ ಅಷ್ಟಕ್ಕಷ್ಟೆ. ಸಮಿತಿ ಆ ಕೊರತೆಯನ್ನು ಬರೆದಿಟ್ಟೇ ಒಪ್ಪಿಗೆ ಕೊಟ್ಟಿತು. ಸಮಿತಿಯ ಮಾತನ್ನು ಸರ್ಕಾರ ಪಾಲಿಸಲೇಬೇಕೆಂದಿಲ್ಲ. ಆದರೂ ಹೊಸ ಅಧ್ಯಕ್ಷರ ದುರ್ಬಲ ಜಾಗ ಯಾವುದು ಅಂತ ದೇಶಕ್ಕೆ ಮೊದಲೇ ಗೊತ್ತಾಯಿತಲ್ಲ.

ಅಮೆರಿಕದ ದಾರಿ ನನಗೆ ಬೇಡ. ಅಲ್ಲಿನ ಎಫ್‌ಸಿಸಿ ಸದಸ್ಯ ಸ್ಥಾನಕ್ಕೆ 2021ರ ಅಕ್ಟೋಬರಿನಲ್ಲಿ ಹೆಸರಿಸಲಾದ ಗಿಗಿ ಸೋನ್, ಸೆನೆಟ್‌ನಲ್ಲಿ ಮೂರು ಸಲ ವಿಚಾರಣೆ ಎದುರಿಸಿ, 2023ರ ಮಾರ್ಚ್‌ನಲ್ಲಿ ಸಾಕಪ್ಪಾ ಅಂತ ಹಿಂದೆ ಸರಿದರು. ಕುರ್ಚಿ ಅಷ್ಟೂ ದಿನ ಖಾಲಿ. ಸಂಸತ್ತಿಗೆ ಒಯ್ದರೆ ವಿಳಂಬ ಆಗುತ್ತದೆ ಅನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಯಾವ ವಿಚಾರಣೆಯೂ ಇಲ್ಲದ ನಮ್ಮಲ್ಲಿ ವಘೇಲಾ 2023ರ ಸೆಪ್ಟೆಂಬರ್ ಕೊನೆಗೆ ಹೋದ ಮೇಲೆ ಲಾಹೋಟಿ ಬರುವ ಹೊತ್ತಿಗೆ ಜನವರಿ ಮುಗಿಯುತ್ತಾ ಬಂದಿತ್ತು.

ನಮ್ಮ ಸಂಸತ್ತು ಟ್ರಾಯ್ ಅಧ್ಯಕ್ಷರ ಬಗ್ಗೆ ಮಾತಾಡಿಲ್ಲವೆಂದಲ್ಲ. 2014ರಲ್ಲಿ ಮಾಜಿ ಅಧ್ಯಕ್ಷ ನೃಪೇಂದ್ರ ಮಿಶ್ರಾ ಪ್ರಧಾನಿಯ ಪ್ರಧಾನ ಕಾರ್ಯದರ್ಶಿ ಆಗಲು ಕಾಯ್ದೆಯೇ ಅಡ್ಡವಿತ್ತು, ಟ್ರಾಯ್ ಬಿಟ್ಟವರು ಮತ್ತೆ ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ. ಮೊದಲು ಸುಗ್ರೀವಾಜ್ಞೆ, ಜುಲೈನಲ್ಲಿ ತಿದ್ದುಪಡಿ. ಆ ನಿಷೇಧ ಎರಡು ವರ್ಷಕ್ಕೆ ಇಳಿಯಿತು. ಅಂದರೆ ಸದನ ಚರ್ಚಿಸಿದ್ದು ಕುರ್ಚಿ ಬಿಟ್ಟು ಹೋದವರ ಬಗ್ಗೆ. ಮುಂದೆ 2023ರ ಡಿಸೆಂಬರಿನ ದೂರಸಂಪರ್ಕ ಕಾಯ್ದೆ, ಕಂಪನಿಯ ನಿರ್ದೇಶಕರೋ ಮುಖ್ಯಸ್ಥರೋ ಆಗಿದ್ದು 30 ವರ್ಷ ಅನುಭವ ಇರುವವರೂ ಅಧ್ಯಕ್ಷರಾಗಬಹುದು ಅಂತ ಸೇರಿಸಿತು. ಎರಡೂ ಸದನ ಸೇರಿ 146 ಸಂಸದರು ಅಮಾನತಾಗಿದ್ದ ಅಧಿವೇಶನವದು.

ನನಗೆ ಕಳವಳ ಇರುವುದು ಇಲ್ಲೇ. ಖಾಸಗಿಯವರು ಬರಲಿ, ನಾನೂ ಖಾಸಗಿಯವನೇ. ಆದರೆ ನಿನ್ನೆ ಒಂದು ಮೊಬೈಲ್ ಕಂಪನಿಯ ಮುಖ್ಯಸ್ಥರಾಗಿದ್ದವರು ನಾಳೆ ಎಲ್ಲ ಕಂಪನಿಗಳಿಗೂ ಅಂಪೈರ್ ಆಗುವುದಾದರೆ, ನಿಮ್ಮ ಷೇರುಗಳು ಎಲ್ಲಿವೆ, ಹಳೆ ಕಂಪನಿಯ ಕಡತ ಬಂದರೆ ಏನು ಮಾಡುತ್ತೀರಿ ಅಂತ ಯಾರಾದರೂ ಎಲ್ಲರೆದುರು ಕೇಳಬೇಡವೇ? ಇರುವ 31 ಜನರ ಸಮಿತಿಯೇ ಸಾಕು. ಬಾಗಿಲು ತೆರೆದು ಒಂದು ಮಧ್ಯಾಹ್ನ ಕೂತರೆ ಆಯಿತು. ವೀಟೋ ಕೂಡ ಬೇಡ, ಬ್ರಿಟನ್ನಿನ ಹಾಗೆ ಅಭಿಪ್ರಾಯ ಬರೆದು ಪ್ರಕಟಿಸಲಿ.

ಕಳೆದ ಸಲ ಬಂದಾಗ ಅವ್ವನ ಫೋನಿಗೆ ದಿನಕ್ಕೆ ಐದಾರು ಸಾಲದ ಕರೆ, ಎಲ್ಲ ಹಿಂದಿಯಲ್ಲಿ. 1909ಕ್ಕೆ ದೂರು ಕೊಟ್ಟು ನಂಬರ್ ನೋಂದಾಯಿಸಿದೆ. "ಮತ್ತ ಅವರೇ ಏನು?" ಅಂದಳು. ಹೌದು ಅವ್ವ, ಅವರೇ.