ಇಂದ್ರಗೋಪವೂ ಮೊದಲ ಮಳೆಯೂ

ಇಂದ್ರಗೋಪವೆಂಬ ಪದವನ್ನು ‘ಇಂದ್ರನು ಯಾವುದಕ್ಕೆ ರಕ್ಷಕನೋ ಅದು’ ಎಂದು ಬಹುವ್ರೀಹಿಯಾಗಿ ಬಿಡಿಸುವುದು ವಾಡಿಕೆ. ಇಂದ್ರನು ಮಳೆಯ ದೇವತೆಯಾದುದರಿಂದ ಮಳೆಯನ್ನೇ ನೆಚ್ಚಿ ಬಾಳುವ ಜಂತುವೆಂದು ಅಭಿಪ್ರಾಯ. ಬೃಹದಾರಣ್ಯಕೋಪನಿಷತ್ತಿನಲ್ಲಿ ಪುರುಷನ ರೂಪಕ್ಕೆ ಉಪಮಾನವಾಗಿ ಬಂದಿರುವ ಇದು ವಾಲ್ಮೀಕಿಯ ವರ್ಷಾವರ್ಣನೆಯಲ್ಲಿಯೂ ಕಾಳಿದಾಸನ ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿಯೂ ಎಳೆಯ ಹಸುರಿನ ಮೇಲಣ ಕೆಂಪು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಇಷ್ಟಾದರೂ ಮಾನಿಯರ್ ವಿಲಿಯಮ್ಸನ ಕೋಶದಲ್ಲಿ ಇದಕ್ಕೆ ಕೊಚಿನೀಲ್ ಎಂಬ ಬಣ್ಣದ ಕೀಟವೆಂದೂ ಮಿಂಚುಹುಳುವೆಂದೂ ಅರ್ಥ ಹೇಳಿದೆ. ಎರಡೂ ಸಲ್ಲವು. ಕೊಚಿನೀಲ್ ಅಮೆರಿಕದ ಪಾಪಾಸುಕಳ್ಳಿಯ ಮೇಲೆ ಬಾಳತಕ್ಕುದು. 18ನೆಯ ಶತಮಾನದ ಕೊನೆಯಲ್ಲಿ ಈ ದೇಶಕ್ಕೆ ತರಲ್ಪಟ್ಟಿತು. ಮಿಂಚುಹುಳು ಇರುಳಿನಲ್ಲಿ ಹಾರುವುದು; ಕವಿಗಳ ಇಂದ್ರಗೋಪವಾದರೋ ಹಗಲಿನಲ್ಲಿ ನೆಲದ ಮೇಲೆ ಹರಿದಾಡುವುದು.

ಕವಿಗಳ ವರ್ಣನೆಗೆ ಹೊಂದುವುದು ಪ್ರಾಣಿಶಾಸ್ತ್ರಜ್ಞರು ಟ್ರೊಂಬಿಡಿಯಂ ಎನ್ನುವ, ಮಖಮಲ್ಲಿನಂತಹ ಕೆಂಪು ರೋಮಗಳುಳ್ಳ ನುಸಿಜಾತಿಯ ಜಂತು. ಬಲಿತುದಕ್ಕೆ ಎಂಟು ಕಾಲುಗಳಿರುವುದರಿಂದ ಇದು ಕೀಟವರ್ಗಕ್ಕೆ ಸೇರದೆ ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದೆ. ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಅಡಗಿ ಕಳೆದು, ಮೊದಲ ಒಳ್ಳೆಯ ಮಳೆಗೆ ನೆಲ ನೆನೆದೊಡನೆ ಹೊರಬರುತ್ತದೆ.

ಹೀಗೆ ಹೊರಬರಲು ನೆಲದ ತೇವವೊಂದೇ ಕಾರಣವಲ್ಲ, ಅನ್ನವೂ ಕಾರಣ. ಈ ವಿಷಯದಲ್ಲಿ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಇದರ ದಾಯಾದಿಯಾದ ಡೈನೋಥ್ರೊಂಬಿಯಂ ಎಂಬುದನ್ನು ಪರಿಶೀಲಿಸಿ ಟೆವಿಸ್ ಮತ್ತು ನ್ಯೂವೆಲ್ ಎಂಬ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಲೇಖನವು ಬಹಳ ಉಪಯುಕ್ತವಾದುದು. ಅಲ್ಲಿ ಮಳೆಯ ಬೆನ್ನಿಗೇ ರೆಕ್ಕೆಯ ಗೆದ್ದಲುಗಳು ಹಾರಿ ನೆಲಕ್ಕಿಳಿಯುತ್ತವೆ. ಆ ಹೊತ್ತಿಗೇ ನುಸಿಗಳು ಮೇಲೆ ಬಂದು ಅವನ್ನು ತಿನ್ನುತ್ತವೆ. ಕೆಲವೇ ಗಂಟೆಗಳ ಈ ಸಂಚಾರ ಮುಗಿದರೆ ಮತ್ತೆ ಮಣ್ಣೇ ಗತಿ. ಇವುಗಳ ಮೊಟ್ಟೆಯಿಂದ ಹೊರಟ ಮರಿಗೆ ಆರೇ ಕಾಲು. ಅದು ಮಿಡತೆ ಮೊದಲಾದವುಗಳ ಮೈಗೆ ಅಂಟಿ, ರಸ ಹೀರಿ ಬೆಳೆಯುತ್ತದೆ. ಮಿಡತೆಗೆ ಹಸುರು ಬೇಕು, ಹಸುರಿಗೆ ಮಳೆ ಬೇಕು. ಮುಂದೆ ಮರಿಯು ಆಶ್ರಯವನ್ನು ಬಿಟ್ಟು ನೆಲಕ್ಕೆ ಸೇರಿ, ಒಮ್ಮೆ ನಿಶ್ಚಲವಾಗಿಯೂ ಒಮ್ಮೆ ಚಲಿಸುತ್ತಲೂ ಕೆಲವು ಅವಸ್ಥೆಗಳನ್ನು ದಾಟಿ ಬಲಿಯುವುದು. ಆದುದರಿಂದ ಮಳೆ ತಪ್ಪಿದರೆ ಬಲಿತುದಕ್ಕೆ ಆಹಾರವೂ ಮರಿಗೆ ಆಶ್ರಯವೂ ಒಟ್ಟಿಗೇ ತಪ್ಪುವುವೆಂದು ಊಹಿಸಬಹುದು.

ತೆಲುಗರು ಇದನ್ನು ಆರುದ್ರ ಪುರುಗು ಎಂದೂ ಮರಾಠಿಗರು ಮೃಗಾಚಾ ಕಿಡಾ ಎಂದೂ ಕರೆಯುವರು. ಸೂರ್ಯನು ಮೃಗಶಿರಾ, ಆರ್ದ್ರಾ ನಕ್ಷತ್ರಗಳಲ್ಲಿರುವ ಜೂನ್ ತಿಂಗಳ ಮಳೆಗಳೇ ಈ ಹೆಸರುಗಳಿಗೆ ಮೂಲ. ಕೋಶಕಾರರು ಕೈಬಿಟ್ಟುದನ್ನು ಒಕ್ಕಲು ಮಕ್ಕಳ ನಾಲಗೆ ಉಳಿಸಿಕೊಂಡಿದೆ! ಬೀರಬಹೂಟಿ ಎಂಬ ಹೆಸರಿನಲ್ಲಿ ಔಷಧಕ್ಕಾಗಿ ಇವನ್ನು ಆರಿಸುವುದೂ ಇದೇ ದಿನಗಳಲ್ಲಿ. ಮೊಟ್ಟೆಯಿಡಬೇಕಾದವೇ ಆಗ ಕೈಗೆ ಸಿಕ್ಕುತ್ತವೆ.

ಇನ್ನು ಕಿಷ್ಕಿಂಧಾಕಾಂಡದ 28ನೆಯ ಸರ್ಗದಲ್ಲಿ ಇಂದ್ರಗೋಪಕ್ಕೆ ಇರುವ ‘ಬಾಲ’ ಎಂಬ ವಿಶೇಷಣವನ್ನು ವಿಚಾರಿಸಬೇಕು. ಇದಕ್ಕೆ ಮರಿಯೆಂದು ಅರ್ಥ ಹೇಳುವುದು ವಸ್ತುಸ್ಥಿತಿಗೆ ಒಪ್ಪದು. ಮರಿಯು ಅತಿಸೂಕ್ಷ್ಮವಾದುದು, ಮಿಡತೆಯ ಮೈಯಲ್ಲಿರತಕ್ಕುದು. ಹಸುರು ಕಂಬಳಿಯ ಮೇಲೆ ಅರಗಿನ ಬಣ್ಣದ ಚುಕ್ಕೆಯಂತೆ ಕಣ್ಣಿಗೆ ಬೀಳುವಂತಹುದಲ್ಲ. ಬಾಲಸೂರ್ಯನೆಂಬಲ್ಲಿ ಈಗತಾನೆ ಮೂಡಿದ ಸೂರ್ಯನೆಂದು ಹೇಗೆ ಅರ್ಥವೋ ಹಾಗೆಯೇ ಇಲ್ಲಿಯೂ ನೆಲದಿಂದ ಈಗತಾನೆ ಹೊರಬಂದ ಇಂದ್ರಗೋಪವೆಂದು ಹೇಳುವುದೇ ಲೇಸು.